ಅತ್ತೆ ಕುಡಿಯದ ನೀರು

ವ್ಯಾನಿನ ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ನಮ್ಮದು ಮೊಟ್ಟೆ ಒಳಗೆ ತರದ ಮನೆ. ಆದರೂ ಗುರುತು ಸಿಕ್ಕಿತು. ನಾನು ಹೈಸ್ಕೂಲು ಓದುವಾಗ ಲ್ಯಾಬಿನ ಕಡೆಯಿಂದ ಇದೇ ವಾಸನೆ ಬಂದು ಹುಡುಗಿಯರೆಲ್ಲ ಸೆರಗು ಮೂಗಿಗೆ ಒತ್ತಿಕೊಂಡು ಓಡುತ್ತಿದ್ದೆವು. ಈಗ ಓಡುವುದೆಲ್ಲಿಗೆ? ನನ್ನ ಹಿಂದೆ ಅತ್ತೆ ಟವೆಲು ಹೆಗಲಿಗೆ ಹಾಕಿಕೊಂಡು, ಸ್ನಾನಕ್ಕೆ ಕಾಯುತ್ತ ಗೋಡೆ ಹಿಡಿದು ನಿಂತಿದ್ದರು.

"ಎಂತದೇ ಅದು, ಇಲಿ ಸತ್ತಿದೆಯಾ?" ಅಂದರು.

"ಹೊಸ ಗಾಡಿ ಅಲ್ವಾ ಅಮ್ಮ, ಪೈಪಿನ ವಾಸನೆ," ಅಂದೆ. ಗಾಡಿ ಹೊಸದೂ ಅಲ್ಲ, ಅದು ಪೈಪಿನ ವಾಸನೆಯೂ ಅಲ್ಲ.

ಕಳಸದಿಂದ ಒಳಗಡೆ ನಮಗೊಂದು ತುಂಡು ಕಾಫಿ ತೋಟ ಇದೆ. ನಾವಿರುವುದು ಗೋಣಿಬೀಡಿನಲ್ಲಿ. ಆ ತೋಟದಲ್ಲಿ ಮನೆ ಇಲ್ಲ. ಒಂದು ಬಾವಿ, ಒಂದು ಕಣ, ತಗಡಿನ ಒಂದು ಶೆಡ್ಡು, ಅಷ್ಟೇ. ಹಣ್ಣು ಕುಯ್ಯುವ ಕಾಲಕ್ಕೆ ಮನೆಯವರು ಮತ್ತು ನಾನು ಅಲ್ಲೇ ಹೋಗಿ ಉಳಿಯುತ್ತೇವೆ. ಕುಯ್ದ ಹಣ್ಣನ್ನು ಕಣದಲ್ಲಿ ಹರಡಬೇಕು, ಗೋರೆಯಲ್ಲಿ ಮಗುಚುತ್ತಿರಬೇಕು, ಸಂಜೆ ಗುಡ್ಡೆ ಮಾಡಿ ತಾಡಪಾಲು ಹೊದೆಸಬೇಕು. ಬಿಟ್ಟು ಬಂದರೆ ಒಂದೋ ಇಬ್ಬನಿಗೆ ಬೂಷ್ಟು ಹಿಡಿಯುತ್ತದೆ, ಇಲ್ಲ ಕಾಫಿಯೇ ಇರುವುದಿಲ್ಲ. ಇಷ್ಟು ವರ್ಷ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ಮಲಗಿದ್ದಾಯಿತು. ಈ ವರ್ಷ ಮನೆಯವರು ಚಿಕ್ಕಮಗಳೂರಿನಲ್ಲಿ ಒಂದು ಹಳೇ ಕ್ಯಾಂಪರ್ ವ್ಯಾನು ಹಿಡಿದು ತಂದರು. ಟೆಂಪೋ ಟ್ರಾವೆಲರ್ ಒಳಗೆ ಪುಟ್ಟ ಮನೆ ಮಾಡಿದ ಹಾಗಿದೆ. ಎರಡು ಮಂಚ, ಗ್ಯಾಸಿನ ಒಲೆ, ಕಮೋಡ್ ಇರುವ ಬಚ್ಚಲು, ಸೀಟಿನ ಅಡಿ ನೀರಿನ ಟ್ಯಾಂಕು, ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪು, ಗ್ಯಾಸಿನಲ್ಲೇ ಕಾಯುವ ಗೀಸರು. ಮೊದಲಿದ್ದವರು ಅದನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರಂತೆ.

ಅಷ್ಟೆಲ್ಲ ಮಾಡಿದ್ದು ಅತ್ತೆಗಾಗಿ. ಬೇರೆ ವರ್ಷ ಅವರು ಮಲ್ಲಂದೂರಿನ ಮೈದುನನ ಮನೆಯಲ್ಲಿ ಇರುತ್ತಿದ್ದರು. ಈ ಸಲ ಅವರ ಮನೆಯಲ್ಲಿ ಮಗಳ ಬಾಣಂತನ. ಅತ್ತೆಯನ್ನು ನಾವೇ ಕರೆದುಕೊಂಡು ಹೋಗಬೇಕಾಯಿತು. ಹೋದ ಮಳೆಗಾಲದಲ್ಲಿ ಅವರಿಗೆ ಕಿಡ್ನಿಯಲ್ಲಿ ಕಲ್ಲಾಗಿ, ಅದು ಸೋಂಕಾಗಿ, ಹಲ್ಲು ಕಟಕಟ ಅನ್ನುವ ಚಳಿಜ್ವರ ಬಂದು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಉಳಿದಿದ್ದೇ ಶಿವನ ದಯೆ. ಒಂದು ಕಿಡ್ನಿ ಅರ್ಧ ಸೊರಗಿದೆ. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೇ ಕರೆದು ಹೇಳಿದ್ದರು: "ಇವರಿಗೆ ನೀರೇ ಔಷಧಿ ಕಣಮ್ಮ. ದಿನಾ ಮೂರು ಲೀಟರ್ ಒಳಗೆ ಹೋಗ್ಬೇಕು. ಇನ್ನೊಂದು ಸಲ ಸೋಂಕು ಮೇಲೇರಿದ್ರೆ ಇರೋ ಕಿಡ್ನಿನೂ ಕೈ ಬಿಡುತ್ತೆ." ಆ ಮಾತು ಅವತ್ತಿಂದ ನನ್ನ ಬೆನ್ನಿಗೇ ಬಿದ್ದಿತ್ತು.

ಅವತ್ತು ಸ್ನಾನಕ್ಕೆ ತಣ್ಣೀರಿನ ನಲ್ಲಿಯ ನೀರನ್ನೇ ಒಲೆಯ ಮೇಲೆ ಕಾಯಿಸಿ ಕೊಟ್ಟೆ. ತಣ್ಣೀರಿಗೂ ವಾಸನೆ ಇತ್ತು, ಆದರೆ ಕಡಿಮೆ. ಬಾವಿಗೆ ಹೋಗಿ ಹಗ್ಗ ಇಳಿಸಿ ಒಂದು ಕೊಡ ಎಳೆದು ಮೂಸಿದೆ. ಅದರಲ್ಲೂ ಎಲ್ಲೋ ಒಂದು ಎಳೆ ಇತ್ತು. ಚೊಂಬಿನಲ್ಲಿ ತುಂಬಿ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು.

ಮನೆಯವರು ಮೂಸಿ ನೋಡಿ, "ಹೋದ ಕುಯ್ಲಿನಿಂದ ಸೇದದ ಬಾವಿ. ನಾಲ್ಕು ದಿನ ಪಂಪ್ ಹೊಡೆದ್ರೆ ತಿಳಿಯಾಗುತ್ತೆ ಬಿಡು ಮಾರಾಯ್ತಿ," ಅಂದರು.

ಹಣ್ಣು ಕುಯ್ಯುವವರನ್ನು ಕರೆತಂದ ಮೇಸ್ತ್ರಿ ಒಬ್ಬ ಬಾಯಿಬಡುಕ. ಅವನು ಬಾವಿಯೊಳಗೆ ಬಗ್ಗಿ ನೋಡಿ, "ಒಳಗೆ ಎಂತದೋ ಸತ್ತದೆ ಅಕ್ಕ. ಕಪ್ಪೆನೋ, ಹಾವೋ. ಹಾವಾದ್ರೆ ಪುಣ್ಯ, ಕಪ್ಪೆ ಸಿಕ್ಕಾಪಟ್ಟೆ ನಾರ್ತದೆ," ಅಂದ. ಅದನ್ನು ಹೇಳಿದ್ದು ವ್ಯಾನಿನ ಬಾಗಿಲಲ್ಲಿ ಕೂತಿದ್ದ ಅತ್ತೆಗೂ ಕೇಳುವ ಹಾಗೆ. ಆ ಮಾತನ್ನು ವಾಪಸು ತಗೊಳ್ಳಲು ಬರುವ ಹಾಗಿದ್ದರೆ ನಾನು ಅವನಿಗೆ ಏನು ಬೇಕಾದರೂ ಕೊಡುತ್ತಿದ್ದೆ.

ಮಾರನೇ ದಿನವೇ ಬಾವಿ ಕ್ಲೀನು ಮಾಡಿಸಿದೆವು. ಪೆಟ್ರೋಲ್ ಪಂಪಿಟ್ಟು ನೀರು ಖಾಲಿ ಮಾಡಿದ ಮೇಲೆ ಮೇಸ್ತ್ರಿ ಕಡೆಯ ಒಬ್ಬರು ಇಳಿಯಲು ಸಿದ್ಧರಾದರು. ತಳದಲ್ಲಿ ಕೆಟ್ಟ ಗಾಳಿ ಇದ್ದರೆ ಅಂತ ನಾನು ಬಿಡಲಿಲ್ಲ. ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ, ದೀಪ ಉರಿಯುತ್ತದೋ ಇಲ್ಲವೋ ನೋಡುತ್ತ ಕೂತೆವು. ಒಮ್ಮೆ ಸಣ್ಣಗಾಯಿತು. ಕೊಡವನ್ನು ಮೇಲೆ ಕೆಳಗೆ ಆಡಿಸಿ ಆಡಿಸಿ ಗಾಳಿ ಎಬ್ಬಿಸಿದ ಮೇಲೆ ಮತ್ತೆ ಚೆನ್ನಾಗಿ ಉರಿಯಿತು. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದು. ಅವರು ಮೇಲೆ ಬರುವವರೆಗೂ ನನ್ನ ಬಾಯಲ್ಲಿ ಪಂಚಾಕ್ಷರಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಬುಟ್ಟಿಗಟ್ಟಲೆ ಕೊಳೆತ ಎಲೆ, ಕಪ್ಪು ಕೆಸರು ಬಂತು. ಕಪ್ಪೆ ಇಲ್ಲ, ಹಾವಿಲ್ಲ. ಕೊನೆಗೆ ಒಂದು ಮರದ ಕೊರಡು ಬಂತು. ನಮ್ಮ ಮಾವನವರ ಕಾಲದಲ್ಲಿ ಹಾಕಿದ್ದ ನೆಲ್ಲಿಮರದ ಕೊರಡು.

ನಮ್ಮ ಕಡೆ ಬಾವಿ ತೋಡಿದರೆ ತಳಕ್ಕೆ ನೆಲ್ಲಿಯ ಕೊರಡು ಹಾಕುವುದು ರೂಢಿ. ನೀರು ಸಿಹಿಯಾಗುತ್ತದೆ, ತಿಳಿಯಾಗಿರುತ್ತದೆ ಅನ್ನುತ್ತಾರೆ. ಇಷ್ಟು ವರ್ಷ ನೀರಲ್ಲಿದ್ದರೂ ಅದು ಕಬ್ಬಿಣದ ಹಾಗೆ ಗಟ್ಟಿಯಾಗಿತ್ತು. ಅತ್ತೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ತೊಳೆದು ಮತ್ತೆ ಬಾವಿಗೇ ಇಳಿಸಿದೆವು. ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿದೆವು. ತಳದಿಂದ ಹೊಸ ಊಟೆ ಉಕ್ಕಿ ಬಾವಿ ತುಂಬಿತು. ಇಳಿದವರು ಕ್ಷೇಮವಾಗಿ ಮೇಲೆ ಬಂದರಲ್ಲ, ಆ ದಿನಕ್ಕೆ ಅಷ್ಟು ಸಾಕು ಅಂದುಕೊಂಡೆ.

ವ್ಯಾನಿನ ಟ್ಯಾಂಕನ್ನೂ ಖಾಲಿ ಮಾಡಿದೆವು. ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕದಡಿ, ಸುಣ್ಣದಂಥ ಗಸಿ ಕೆಳಗೆ ಕೂರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿದೆ. ಗಸಿ ಹೋದರೆ ಆ ಪುಟ್ಟ ಪಂಪು ಕಟ್ಟಿಕೊಳ್ಳುತ್ತದೆ. ಅಡಿಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ ಎರಡರಲ್ಲೂ ಬ್ಲೀಚಿಂಗ್ ವಾಸನೆ ಬರುವವರೆಗೆ ಬಿಟ್ಟು, ನಿಲ್ಲಿಸಿ, ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ಎರಡು ಸಲ ತೊಳೆದೆವು. ಗೀಸರಿಗೆ ಮಾತ್ರ ಅದು ಹೋಗದ ಹಾಗೆ ಮನೆಯವರು ಅದರ ವಾಲ್ವ್ ತಿರುಗಿಸಿಟ್ಟರು. "ಬ್ಲೀಚಿಂಗ್ ಕಬ್ಬಿಣ ತಿನ್ನುತ್ತೆ. ಗೀಸರ್ ಹಾಳಾದ್ರೆ ಯಾರಪ್ಪನ್ನ ಕೇಳೋದು?" ಅಂದರು. ನನಗೂ ಸರಿ ಅನ್ನಿಸಿತು.

ಹೊಸ ನೀರು ತುಂಬುವಾಗ ಅತ್ತೆ ಅಂದರು: "ಬಾವಿಗಾದ್ರೆ ನೆಲ್ಲಿ ಇದೆ. ಈ ಪ್ಲಾಸ್ಟಿಕ್ ಡಬ್ಬಕ್ಕೆ ಎಂತ ಇದೆ? ಒಂದು ತುಂಡು ಹಾಕೇ."

ಬೇಲಿಯ ಹತ್ತಿರ ಒಂದು ನೆಲ್ಲಿಮರ ಇತ್ತು. ಮನೆಯವರು ಕೈಯಗಲದ ಒಂದು ತುಂಡು ಕಡಿದು ತಂದರು. ನಾನು ತೊಳೆದು, ವಿಭೂತಿ ಹಚ್ಚಿ, ಕೈಮುಗಿದು ಟ್ಯಾಂಕಿನ ಬಾಯಿಯಿಂದ ಒಳಗೆ ಬಿಟ್ಟೆ. ಮೂವರಿಗೂ ಸಮಾಧಾನವಾಯಿತು. ಒಂದು ದಿನ ನೀರು ಚೆನ್ನಾಗಿತ್ತು ಕೂಡ. ಬಿಸಿನೀರಿಗೆ ಮಾತ್ರ ಮೊಟ್ಟೆಯ ವಾಸನೆ ಹಾಗೇ ಇತ್ತು, ಅದನ್ನು ಪಾತ್ರೆ ಪಗಡೆಗೆ ಬಳಸಿದೆ. ಎರಡನೇ ದಿನಕ್ಕೆ ತಣ್ಣೀರೂ ಚರಂಡಿಯ ಹಾಗೆ ನಾರತೊಡಗಿತು. ಕುದಿಸಿ ಆರಿಸಿದರೂ ಎಲ್ಲೋ ಒಂದಿಷ್ಟು ಉಳಿಯುತ್ತಿತ್ತು.

ಅಷ್ಟೊತ್ತಿಗೆ ಹಣ್ಣು ಭರದಿಂದ ಬರುತ್ತಿತ್ತು. ಕುಯ್ಯುವವರು ಈ ವಾರ ನಮ್ಮಲ್ಲಿ ಮುಗಿಸಿ ಬೇರೆ ತೋಟಕ್ಕೆ ಹೋಗುವವರು. ನಾನು ಬೆಳಿಗ್ಗೆ ಒಂದು ದೊಡ್ಡ ಜಗ್ಗು ಕುದಿಸಿದ ನೀರು, ಮಧ್ಯಾಹ್ನ ಇನ್ನೊಂದು ಜಗ್ಗು, ಅತ್ತೆಯ ಪಕ್ಕ ಇಟ್ಟು ಕಣಕ್ಕೆ ಹೋಗುತ್ತಿದ್ದೆ. ಬಂದು ನೋಡಿದರೆ ಜಗ್ಗು ಖಾಲಿ. ನೀರು ನಾರಿದರೂ ಹಟ ಮಾಡದೆ ಕುಡಿಯುತ್ತಾರಲ್ಲ, ದೊಡ್ಡ ಮನಸ್ಸು ಅಂದುಕೊಂಡೆ.

ಒಂದು ಬೆಳಿಗ್ಗೆ ಕಣದಲ್ಲಿ ಗೋರೆ ಎಳೆಯುತ್ತಿದ್ದೆ. ಮೇಸ್ತ್ರಿ ಬಂದು ಹಲ್ಲು ಬಿಟ್ಟ.

"ಅಕ್ಕ, ನಿಮ್ಮತ್ತೆಗೆ ಹೂವಿನ ಅರ್ಜೆಂಟಾ?"

"ಯಾಕೋ?"

"ಅಲ್ಲಾ, ಇನ್ನೂ ಹಣ್ಣೇ ಕುಯ್ದಾಗಿಲ್ಲ, ಆಗ್ಲೇ ಮುಂದಿನ ಹೂ ಬಿಡ್ಲಿ ಅಂತ ಸ್ಪ್ರಿಂಕ್ಲರ್ ಶುರು ಮಾಡಿದಾರೆ! ದಿನಾ ವ್ಯಾನಿನ ಹಿಂದಿನ ಆ ಮೂಲೆ ಗಿಡಕ್ಕೆ ಎರಡೆರಡು ಜಗ್ಗು. ಆ ಗಿಡ ಒಂದು ಈ ವರ್ಷ ಎರಡು ಸಲ ಹೂ ಬಿಡ್ತದೆ ನೋಡಿ."

ಅವನು ನಗುತ್ತಲೇ ಹೋದ. ವ್ಯಾನಿನ ಹಿಂದೆ ಹೋಗಿ ನೋಡಿದೆ. ಸುತ್ತಲಿನ ನೆಲವೆಲ್ಲ ಒಣಗಿ ಧೂಳಾಗಿದ್ದರೆ, ಒಂದು ಗಿಡದ ಬುಡ ಮಾತ್ರ ಕಪ್ಪಗೆ ನೆನೆದಿತ್ತು.

ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅಷ್ಟು ದಿನ ನಾನು ಜಗ್ಗು ನೋಡಿದ್ದೆ, ತುಟಿ ನೋಡಿರಲಿಲ್ಲ.

"ಅಮ್ಮ, ನೀರು ಕುಡೀತಿಲ್ವಾ ನೀವು?"

"ಕುಡೀತಿದೀನಲ್ಲೇ."

"ಗಿಡ ಕುಡೀತಿದೆ."

ಸಿಕ್ಕಿಬಿದ್ದ ಮಗುವಿನ ಹಾಗೆ ಮುಖ ಆ ಕಡೆ ತಿರುಗಿಸಿದರು. ಆಮೇಲೆ ಮೆಲ್ಲಗೆ, "ಆ ನಾರೋ ನೀರನ್ನ ಲಿಂಗಕ್ಕೆ ಎರೀಲಾ?" ಅಂದರು.

ನಮ್ಮ ಅತ್ತೆ ದಿನಾ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ನೀರೆರೆದು, ಆ ಪಾದೋದಕ ತಗೊಂಡ ಮೇಲೇ ಬೇರೆ ಮಾತು. ಲಿಂಗಕ್ಕೆ ಕೊಡದ್ದು ತಮಗೆ ಬೇಡ. ಅದು ನಮ್ಮೆಲ್ಲರ ಮನೆಯಲ್ಲೂ ಇರುವ ನೇಮ, ಆದರೆ ನಾವು ಸಡಿಲ, ಅವರು ಬಿಗಿ.

"ಮತ್ತೆ ಇಷ್ಟು ದಿನ ಪೂಜೆಗೆ?"

ದಿಂಬಿನ ಪಕ್ಕದಿಂದ ಸ್ಟೀಲಿನ ಬಾಟಲಿ ತೆಗೆದು ತೋರಿಸಿದರು. ಗೋಣಿಬೀಡಿನ ಮನೆಯ ಬಾವಿಯ ನೀರು. ದಾರಿಗೆ ಅಂತ ನಾನೇ ತುಂಬಿ ಕೊಟ್ಟಿದ್ದೆ. ತಳದಲ್ಲಿ ಇನ್ನೂ ನಾಲ್ಕು ಬೆರಳು ಉಳಿದಿತ್ತು. ಇಷ್ಟೂ ದಿನ ಅದನ್ನೇ ಚಮಚದಲ್ಲಿ ಲಿಂಗಕ್ಕೆ ಎರೆದು, ಅಷ್ಟನ್ನೇ ಕುಡಿದು, ದಿನಕ್ಕೆರಡು ಸಲ ನಾನು ಕೊಟ್ಟ ಅರ್ಧ ಲೋಟ ಕಾಫಿಯಲ್ಲಿ ಬದುಕಿದ್ದರು.

"ಊಟ ಮಾಡ್ತಿದ್ರಿ, ಕಾಫಿ ಕುಡೀತಿದ್ರಿ. ಅದೂ ಇದೇ ನೀರಲ್ಲೇ ಮಾಡಿದ್ದಲ್ವಾ?"

"ಅದು ಬೆಂಕಿ ಕಂಡು ಬೇರೆ ಆಗಿದ್ದು. ಅನ್ನ ನಾರ್ತದಾ? ಇಲ್ಲ. ಬರೀ ನೀರಿನ ಮಾತು ಬೇರೆ. ಅವನಿಗೆ ಆಗದ ನೀರು ನನಗೆ ಯಾಕೆ? ನಿನಗೆ ಹೇಳಿದ್ರೆ ಕಾಫಿ ಬಿಟ್ಟು ನನ್ನ ಹಿಂದೆ ಬೀಳ್ತಿ ಅಂತ ಹೇಳ್ಲಿಲ್ಲ."

ನಾನು ಕೇಳಲೇಬೇಕಾದ್ದನ್ನು ಕೇಳಿದೆ. "ಮೂತ್ರಕ್ಕೆ ಹೋದ್ರೆ ಉರಿ ಇದೆಯಾ?"

"ಎರಡು ದಿನದಿಂದ. ಸ್ವಲ್ಪ."

ಗೋರೆ ಎಲ್ಲಿ ಬಿಟ್ಟೆನೋ ನೆನಪಿಲ್ಲ. ಮೂಟೆ ಸಾಗಿಸಲು ತಂದಿದ್ದ ನಮ್ಮ ಜೀಪಿನಲ್ಲಿ ಕಳಸಕ್ಕೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಬಿಸಿ ಇದೆಯಾ, ನನ್ನ ಕೈಯೇ ಬಿಸಿಯಾ ಗೊತ್ತಾಗುತ್ತಿರಲಿಲ್ಲ. ಅಲ್ಲಿನ ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿದರು. ಅದರ ಬಣ್ಣ ಗಟ್ಟಿ ಡಿಕಾಕ್ಷನ್ ಹಾಗಿತ್ತು.

"ಸೋಂಕು ಶುರುವಾಗಿದೆ, ಮೇಲೆ ಏರಿಲ್ಲ. ಜ್ವರ ಇಲ್ಲ," ಅಂದರು. ಮಾತ್ರೆ ಬರೆದರು. "ನಾಳೆ ರಾತ್ರಿಯೊಳಗೆ ಮೂತ್ರ ಧಾರಾಳವಾಗಿ ಹೋಗ್ಬೇಕು, ಬಣ್ಣ ತಿಳಿಯಾಗ್ಬೇಕು. ಆಗ್ಲಿಲ್ಲ ಅಂದ್ರೆ ಅಥವಾ ನಡುವೆ ಚಳಿ ಬಂದ್ರೆ ನನ್ನ ಹತ್ರ ಬರ್ಬೇಡಿ, ಸೀದಾ ಚಿಕ್ಕಮಗಳೂರಿಗೆ ಹೋಗಿ. ಬರೀ ಮಾತ್ರೆಯಿಂದ ಆಗಲ್ಲ, ನೀರು ಕುಡಿಸಿ."

ಜ್ವರ ಇಲ್ಲ ಅಂದಿದ್ದು ಒಂದೇ ನನಗೆ ಹಿಡಿದುಕೊಳ್ಳಲು ಸಿಕ್ಕ ಹಗ್ಗ.

ಆಸ್ಪತ್ರೆಯ ಪಕ್ಕದ ಮನೆಯವರನ್ನು ಕೇಳಿ ಅವರ ಬಾವಿಯಿಂದ ಎರಡು ಕೊಡ ನೀರು ತುಂಬಿಸಿಕೊಂಡೆವು. ಅತ್ತೆ ಅದನ್ನು ಒಪ್ಪಿದರು, ಅಲ್ಲೇ ಒಂದು ಲೋಟ ಕುಡಿದರು. ವ್ಯಾನಿಗೆ ಬಂದ ಮೇಲೆ ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಕುಡೀರಿ ಅಮ್ಮ."

"ಇರ್ಲಿ. ಅಷ್ಟು ದೂರದಿಂದ ತಂದಿದೀರಿ. ನಾಳೆಗೂ ಬೇಕಲ್ಲ."

ಆಗ ನನಗೆ ಅರ್ಥವಾಯಿತು. ಮದುವೆಯಾಗಿ ಬಂದಾಗಿನಿಂದ ಗುಡ್ಡದ ಕೆಳಗಿನಿಂದ ತಲೆಯ ಮೇಲೆ ನೀರು ಹೊತ್ತ ಹೆಂಗಸು ಅವರು. ಇನ್ನೊಬ್ಬರು ಹೊತ್ತು ತಂದ ನೀರನ್ನು ಧಾರಾಳವಾಗಿ ಕುಡಿಯಲು ಅವರ ಗಂಟಲೇ ಒಪ್ಪುವುದಿಲ್ಲ. ಎಷ್ಟು ಕೊಡ ತಂದರೂ ಅವರು ಗುಟುಕಿನಲ್ಲೇ ಅಳೆಯುವುದು. ತಿರುಗಿಸಿದರೆ ಬರುವ ನಲ್ಲಿ ಕಣ್ಣೆದುರು ಇರಬೇಕು, ಅದು ನಾರಬಾರದು. ಬೇರೆ ದಾರಿ ಇಲ್ಲ. ನಾಳೆ ಮಧ್ಯಾಹ್ನದೊಳಗೆ ಇದು ಸರಿಯಾಗದಿದ್ದರೆ ಕಾಫಿ ಏನಾದರೂ ಆಗಲಿ, ಅತ್ತೆಯನ್ನು ಕೂರಿಸಿಕೊಂಡು ಗೋಣಿಬೀಡಿಗೆ ಹೊರಟುಬಿಡುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಮೂರು ಲೋಟ ತಗೊಂಡೆ. ಒಂದಕ್ಕೆ ಬಾವಿಯಿಂದ ಆಗಷ್ಟೇ ಎಳೆದ ನೀರು, ಒಂದಕ್ಕೆ ತಣ್ಣೀರಿನ ನಲ್ಲಿಯದು, ಒಂದಕ್ಕೆ ಬಿಸಿನೀರಿನ ನಲ್ಲಿಯದು. ಮುಚ್ಚಿ ಇಟ್ಟು, ಕಣದಿಂದ ಮನೆಯವರನ್ನು ಕರೆದು, ಯಾವುದು ಯಾವುದು ಅಂತ ಹೇಳದೆ ಮೂಸಿ ಅಂದೆ.

ಮೊದಲನೆಯದನ್ನು ಮೂಸಿ, "ಇದರಲ್ಲಿ ಎಂತದೂ ಇಲ್ಲ," ಅಂದರು. ಅದು ಬಾವಿಯದು. ಎರಡನೆಯದಕ್ಕೆ, "ಥೂ, ಕೊಳೆತ ಕಟ್ಟಿಗೆ." ಮೂರನೆಯದಕ್ಕೆ ಲೋಟವನ್ನು ದೂರ ತಳ್ಳಿ, "ಇದು ಬೇರೇನೇ. ಇದು ಮೊಟ್ಟೆ," ಅಂದರು.

ಅಂದರೆ ಬಾವಿಯ ತಪ್ಪು ಈಗ ಏನೂ ಇಲ್ಲ. ಟ್ಯಾಂಕಿನಲ್ಲಿ ಒಂದು ತೊಂದರೆ, ಗೀಸರಿನಲ್ಲಿ ಇನ್ನೊಂದು. ಟ್ಯಾಂಕಿನ ಬಾಯಿಗೆ ಕೈ ಹಾಕಿ ನೆಲ್ಲಿಯ ತುಂಡು ಹೊರಗೆ ತೆಗೆದೆ. ಅದರ ತೊಗಟೆ ಲೋಳೆಯಾಗಿ ಬೆರಳಿಗೆ ಅಂಟಿಕೊಂಡು ಬಂತು. ಬಾವಿಗೆ ಹಾಕುವುದು ಬಲಿತು ಒಣಗಿದ ಕೊರಡು, ಬಾವಿಗೆ ಗಾಳಿ ಬೆಳಕು ಇದೆ, ದಿನಾ ಊಟೆ ಬರುತ್ತದೆ. ನಾವು ಹಸಿ ತೊಗಟೆಯ ಕೊಂಬೆಯನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಇಟ್ಟಿದ್ದೆವು. ಅಲ್ಲಿ ಅದು ಕೊಳೆಯದೆ ಇನ್ನೇನು ಮಾಡೀತು? ಅತ್ತೆ ನೋಡಿದರು. ಕೊಂಬೆಯನ್ನು ಕಾಲಿಗೆ ಸಿಗದ ಹಾಗೆ ಬೇಲಿಯ ಆಚೆ ಇಡು ಅಂದರು, ಅಷ್ಟೇ.

ಇನ್ನು ಗೀಸರು. ತೋಟದಲ್ಲಿ ಫೋನು ಹಿಡಿಯುವುದು ಮೇಲಿನ ಬಂಡೆಯ ಮೇಲೆ ಮಾತ್ರ. ಇಬ್ಬರೂ ಹತ್ತಿದೆವು. ಮನೆಯವರು, ವ್ಯಾನು ರೆಡಿ ಮಾಡಿದ್ದ ಚಿಕ್ಕಮಗಳೂರಿನ ಮೆಕ್ಯಾನಿಕ್ಕಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದರು.

"ಬಿಸಿನೀರು ಮಾತ್ರ ಮೊಟ್ಟೆ ವಾಸನೆಯಾ? ಹಾಗಾದ್ರೆ ರಾಡ್ ಸಾರ್ ಅದು," ಅಂದ ಮೆಕ್ಯಾನಿಕ್ಕು. ಗೀಸರಿನೊಳಗೆ ಮೆಗ್ನೀಷಿಯಮ್ಮಿನ ಒಂದು ಕಂಬಿ ಇರುತ್ತದಂತೆ. ತುಕ್ಕು ಗೀಸರನ್ನು ತಿನ್ನುವ ಬದಲು ಆ ಕಂಬಿಯನ್ನು ತಿನ್ನಲಿ ಅಂತ ಇಟ್ಟಿರುತ್ತಾರೆ. ಕೆಲವು ಬಾವಿಗಳ ನೀರಿನಲ್ಲಿ ಗಂಧಕದಂಥ ಅಂಶ ಇರುತ್ತದೆ, ಅದನ್ನು ತಿಂದು ಬದುಕುವ ಕ್ರಿಮಿಗಳೂ ಇರುತ್ತವೆ. ನೀರು ನಿಂತ ಬಿಸಿ ಗೀಸರು, ಜೊತೆಗೆ ಆ ಕಂಬಿ, ಇಷ್ಟಾದರೆ ಅವಕ್ಕೆ ಹಬ್ಬ. ವಾಸನೆ ಅವುಗಳದು.

"ಬೇರೆ ಲೋಹದ್ದು ಬರುತ್ತೆ, ಅಲ್ಯೂಮಿನಿಯಂ ಸತುವಿಂದು. ಬೆಂಗಳೂರಿಂದ ತರಿಸ್ಬೇಕು, ಒಂದು ವಾರ. ಅರ್ಜೆಂಟಿದ್ರೆ ಈ ರಾಡ್ ತೆಗೆದು ಬರೀ ಪ್ಲಗ್ ಹಾಕಿ, ಒಳಗೆಲ್ಲ ಬ್ಲೀಚಿಂಗ್ ಹೊಡೀರಿ. ಆದ್ರೆ ರಾಡ್ ಇಲ್ದೆ ಜಾಸ್ತಿ ದಿನ ಓಡಿಸಿದ್ರೆ ಗೀಸರ್ ಟ್ಯಾಂಕ್ ತೂತಾಗುತ್ತೆ, ಆಮೇಲೆ ನನ್ನ ಕೇಳ್ಬೇಡಿ."

ಮನೆಯವರು ಫೋನು ಇಟ್ಟು ನನ್ನ ಮುಖ ನೋಡಿದರು. "ಕೇಳಿದ್ಯಲ್ಲ, ತೂತಾಗುತ್ತಂತೆ. ಗೀಸರ್ ಬಂದ್ ಮಾಡಿ ಬಿಡೋಣ. ಬಿಸಿನೀರು ಒಲೆ ಮೇಲೆ ಕಾಯಿಸ್ಕೊಂಡ್ರಾಯ್ತು."

"ಅದೇ ಪೈಪಲ್ಲಿ ಅದರ ನೀರು ಕೂತಿದೆ. ಒಂದು ಹನಿ ನಾರಿದ್ರೂ ಅಮ್ಮ ಆ ನಲ್ಲಿ ಮುಟ್ಟಲ್ಲ. ರಾಡ್ ತೆಗೀರಿ."

"ಗೀಸರಿಗೆ ತುಕ್ಕು ಹಿಡಿದ್ರೆ?"

"ಹಿಡೀಲಿ. ಗೀಸರಿಗೇ ಹಿಡೀಲಿ, ಅಮ್ಮಂಗೆ ಬೇಡ."

ಅವರು ತೋಟದ ಕಡೆ ತಿರುಗಿದರು. ಕೆಳಗೆ ಕಣದಲ್ಲಿ ಮಗುಚದ ಹಣ್ಣು ಒಂದೇ ಬದಿ ಬಿಸಿಲು ತಿನ್ನುತ್ತಿತ್ತು. ಆಮೇಲೆ, "ಪ್ಲಗ್ಗಿಗೆ ಕಳಸಕ್ಕೆ ಹೋಗ್ಬೇಕು. ಅಳತೆಗೆ ಹಳೇದು ಬೇಕಲ್ಲ. ಸ್ಪ್ಯಾನರ್ ಕೊಡು," ಅಂದು ಇಳಿದರು.

ಗ್ಯಾಸು ಆರಿಸಿ, ಪಂಪು ಬಂದ್ ಮಾಡಿ, ಗೀಸರು ಪೂರ್ತಿ ತಣ್ಣಗಾಗಲು ಬಿಟ್ಟೆವು. ಬಿಸಿನೀರಿನ ನಲ್ಲಿ ತೆರೆದಿಟ್ಟು ಒಳಗಿನ ಒತ್ತಡ ಇಳಿಸಿದೆವು. ಇಲ್ಲದಿದ್ದರೆ ಪ್ಲಗ್ಗು ಬಿಚ್ಚಿದಾಗ ಮುಖಕ್ಕೇ ಹಾರುತ್ತದಂತೆ. ವ್ಯಾನಿನ ಹೊರಗಡೆ ಒಂದು ಸಣ್ಣ ಬಾಗಿಲು, ಅದರೊಳಗೆ ಗೀಸರಿನ ಕೆಳಗೆ ಪ್ಲಗ್ಗು. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. ಮೇಸ್ತ್ರಿಯೂ ಬಂದು ಕೈ ಹಾಕಿದ. ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ಇಬ್ಬರೂ ಎಳೆದಾಗ ಕಿರ್ರೆಂದು ಬಿಚ್ಚಿತು. ಕಪ್ಪು ನೀರು ಭಗ್ಗನೆ ಸುರಿಯಿತು. ಅದರ ಜೊತೆ ಬಿಳೀ ಹರಳು, ಲೋಳೆ. ವಾಸನೆಗೆ ಕುಯ್ಯುವ ಹೆಂಗಸರು ಗಿಡದ ಸಾಲಿನಿಂದಲೇ ಕೂಗಿದರು.

"ಅಣ್ಣ, ಕಪ್ಪೆ ಸಿಕ್ತಾ?"

"ಕಪ್ಪೆಯ ಅಜ್ಜ ಸಿಕ್ಕಿದಾನೆ!" ಅಂದ ಮೇಸ್ತ್ರಿ.

ಪ್ಲಗ್ಗಿನ ಹಿಂದೆ ಕಂಬಿ ಬಂತು. ಬೆರಳಿನ ದಪ್ಪ ಇರಬೇಕಾದ್ದು ಗೆದ್ದಲು ತಿಂದ ಕಡ್ಡಿಯ ಹಾಗಿತ್ತು. ಅದನ್ನು ಹಿಡಿದುಕೊಂಡೇ ಮನೆಯವರು ಕಳಸಕ್ಕೆ ಹೋಗಿ ಅಳತೆಗೆ ಸರಿಯಾದ ಪ್ಲಗ್ಗು, ಸುತ್ತುವ ಬಿಳೀ ಟೇಪು, ಹೊಸ ಬ್ಲೀಚಿಂಗ್ ಪೌಡರು ತಂದರು. ಅಂಗಡಿಯವರು ಕಲೆ ಬಿಡಿಸಲು ವಿನೆಗರನ್ನೂ ಕೊಟ್ಟಿದ್ದರು. ಎರಡೂ ಒಟ್ಟು ಸೇರಿದರೆ ವಿಷದ ಗಾಳಿ ಏಳುತ್ತದೆ ಅಂತ ನನಗೆ ಗೊತ್ತಿತ್ತು, ಬಚ್ಚಲು ತೊಳೆಯುವ ಹೆಂಗಸರಿಗೆಲ್ಲ ಗೊತ್ತಿರುತ್ತದೆ. ವಿನೆಗರನ್ನು ಜೀಪಿನಲ್ಲೇ ಇಟ್ಟೆ. ಬರೀ ನೀರಿನ ಪೈಪನ್ನು ಗೀಸರಿನ ತೂತಿಗೆ ಒಡ್ಡಿ, ತಿಳಿ ಬರುವವರೆಗೆ ತೊಳೆದು, ಹೊಸ ಪ್ಲಗ್ಗಿಗೆ ಟೇಪು ಸುತ್ತಿ ಬಿಗಿದೆವು.

ಈ ಸಲ ಯಾವ ವಾಲ್ವನ್ನೂ ಮುಚ್ಚಲಿಲ್ಲ. ಬ್ಲೀಚಿಂಗಿನ ತಿಳಿ ಟ್ಯಾಂಕಿಗೆ ಹೋಯಿತು, ಗೀಸರಿಗೆ ಹೋಯಿತು, ಎರಡೂ ನಲ್ಲಿಯ ಬಿಸಿ ತಣ್ಣೀರಿನ ಎರಡೂ ಕಡೆಯಲ್ಲಿ ವಾಸನೆ ಬರುವವರೆಗೆ ಬಿಟ್ಟೆ. ಬೆಳಗಿನವರೆಗೆ ಅದು ಒಳಗೇ ಇರಬೇಕು. ಅತ್ತೆ ಆ ಸಂಜೆ ಕೊಡದ ನೀರಿನಲ್ಲಿ ಒಂದೂವರೆ ಲೋಟ ಕುಡಿದು ಮಾತ್ರೆ ನುಂಗಿದರು. ಚಳಿ ಬಂತಾ ಅಂತ ನಾನು ಕೇಳಿದಷ್ಟು ಸಲವೂ ಇಲ್ಲ ಅಂದರು. ಪ್ರತಿ ಇಲ್ಲಕ್ಕೂ ಒಳಗೇ ಒಂದು ನಮಸ್ಕಾರ ಹಾಕಿದೆ.

ಬೆಳಿಗ್ಗೆ ಎಲ್ಲ ಬಸಿದು, ಬಾವಿಯ ನೀರಿನಲ್ಲಿ ಎರಡು ಸಲ ತೊಳೆದು, ಮೂರನೇ ಸಲ ತುಂಬಿದೆವು. ಮೊಟ್ಟೆಯ ವಾಸನೆ ಇಲ್ಲ. ಕಟ್ಟಿಗೆಯ ವಾಸನೆ ಇಲ್ಲ. ನನಗೆ ಕುಣಿಯುವ ಹಾಗಾಯಿತು. ಒಂದು ಚೊಂಬು ಹಿಡಿದು ಅತ್ತೆಯ ಮುಂದಿಟ್ಟೆ. ಅವರು ಬಗ್ಗಿ ಮೂಸಿದರು.

"ಈಗ ಆಸ್ಪತ್ರೆ ವಾಸನೆ," ಅಂದರು.

ಬ್ಲೀಚಿಂಗಿನ ಒಂದು ಎಳೆ ಉಳಿದಿತ್ತು. ಕುಡಿದರೆ ಏನೂ ಆಗುವುದಿಲ್ಲ, ಪೇಟೆಯ ನಲ್ಲಿಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಅವರ ಜೊತೆ ವಾದಕ್ಕೆ ಕೂರುವ ಧೈರ್ಯ ನನಗಿರಲಿಲ್ಲ. ಬಿಸಿಲು ಏರುತ್ತಿತ್ತು. ಮತ್ತೆ ಬಸಿ, ಮತ್ತೆ ಪಂಪು ಹೊಡಿ, ಮತ್ತೆ ತುಂಬು. ಮನೆಯವರು ಕಣದಿಂದ ಒಂದು ಸಲ ಏನೋ ಕೂಗಿದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯ ಸಲದ ನೀರನ್ನು ಬಕೆಟಿಗೆ ಹಿಡಿದು ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ನಾನೇ ಮೂಸಿ, ಕುಡಿದು ನೋಡಿ, ಸುಮ್ಮನೆ ಒಳಗಿಟ್ಟು ಹೊರಗೆ ಬಂದೆ. ಕೊಡಲಿಲ್ಲ, ಹೇಳಲೂ ಇಲ್ಲ.

ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅತ್ತೆ ಎದ್ದರು. ಬಕೆಟಿನ ಹತ್ತಿರ ಹೋಗಲಿಲ್ಲ, ಗೋಡೆ ಹಿಡಿದುಕೊಂಡು ಸೀದಾ ನಲ್ಲಿಯ ಹತ್ತಿರ ಹೋದರು. ತಿರುಗಿಸಿದರು. ಅಂಗೈಯಲ್ಲಿ ಹಿಡಿದು ಮೂಸಿದರು. ಬಿಸಿನೀರಿನ ಕಡೆಗೆ ತಿರುಗಿಸಿ ಅದನ್ನೂ ಮೂಸಿದರು. ಆಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡರು. ಒಳಗೆ ನೀರು ಬೀಳುವ ಸದ್ದು ಕೇಳುತ್ತ ನಾನು ಮೆಟ್ಟಿಲ ಮೇಲೆ ಕೂತೆ.

ಸ್ನಾನವಾಗಿ, ವಿಭೂತಿ ಧರಿಸಿ, ಲಿಂಗದ ಕರಡಿಗೆ ಬಿಚ್ಚಿ ಪೂಜೆಗೆ ಕೂತರು. ನಲ್ಲಿಯಿಂದ ತಾವೇ ಹಿಡಿದ ನೀರನ್ನು ಲಿಂಗಕ್ಕೆ ಎರೆದರು. ಸ್ವಲ್ಪ ಹೊತ್ತು ಲಿಂಗವನ್ನೇ ನೋಡುತ್ತಿದ್ದರು. ಕೊನೆಗೆ ಆ ನೀರನ್ನು ಬಾಯಿಗೆ ಹಾಕಿಕೊಂಡರು. ಪೂಜೆ ಮುಗಿಸಿ ಲೋಟ ತಗೊಂಡು ನಲ್ಲಿಯಿಂದ ಹಿಡಿದು ಗಟಗಟ ಕುಡಿದರು. ಇನ್ನೊಂದು ಹಿಡಿದರು. ಮೂರನೆಯದನ್ನು ಅರ್ಧ ಕುಡಿದು, "ಏನೇ ಅಲ್ಲಿ ಕೂತಿದೀಯಾ, ಕಾಫಿ ಮಗುಚೋರು ಯಾರು?" ಅಂದರು.

ಕಣಕ್ಕೆ ಹೋದೆ, ಆದರೆ ಅರ್ಧ ಜೀವ ಇಲ್ಲೇ ಇತ್ತು. ಒಳಗೆ ಹೋದ ನೀರು ಹೊರಗೆ ಬರಬೇಕಲ್ಲ, ಡಾಕ್ಟರಮ್ಮ ಹೇಳಿದ್ದು ಅದೇ. ಗೋರೆ ಎಳೆಯುವುದು, ವ್ಯಾನಿನ ಕಡೆ ನೋಡುವುದು. ಊಟದ ಹೊತ್ತಾಯಿತು. ಅತ್ತೆ ಊಟ ಮಾಡಿದರು, ನೀರು ಕುಡಿದರು, ಕರೆಯಲಿಲ್ಲ. ಒಂದು ಮೋಡ ಬಂದು ಮೇರ್ತಿ ಗುಡ್ಡದ ಮೇಲೆ ಕೂತಿತು. ಮನೆಯವರು ತಾಡಪಾಲು ಬಿಚ್ಚತೊಡಗಿದರು. ನನ್ನ ಮನಸ್ಸು ಚಿಕ್ಕಮಗಳೂರಿನ ದಾರಿಯ ತಿರುವುಗಳನ್ನು ಎಣಿಸುತ್ತಿತ್ತು.

ಅಷ್ಟರಲ್ಲಿ ವ್ಯಾನಿನಿಂದ ಕೂಗು ಬಂತು. ಹಣ್ಣಿನ ಮೇಲೇ ಓಡಿದೆ. ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋದೆ. ಬಹಳ ಹೊತ್ತು ಸದ್ದು ಕೇಳಿತು. ಆಮೇಲೆ ಬಗ್ಗಿ ನೋಡಿದೆ. ನಾಚಿಕೆ ಪಟ್ಟುಕೊಳ್ಳುವ ವಿಷಯವಲ್ಲ, ನಾನು ನೋಡಲೇಬೇಕಿತ್ತು. ಡಿಕಾಕ್ಷನ್ ಅಲ್ಲ, ಹಳದಿ. ಇನ್ನೂ ಸ್ವಲ್ಪ ಗಾಢ ಇತ್ತು, ಆದರೂ ಹಳದಿ.

"ಉರಿ?"

"ಕಮ್ಮಿ."

"ಚಳಿ?"

"ಇಲ್ಲ ಅಂತ ಎಷ್ಟು ಸಲ ಹೇಳ್ಬೇಕೇ ನಿನಗೆ?"

ಹೊರಗಿನಿಂದ ಮನೆಯವರು ಕಿರುಚುತ್ತಿದ್ದರು. "ಏ ಮಾರಾಯ್ತಿ, ಮೋಡ ಬರ್ತಿದೆ, ಕಾಫಿ ಹರಡಿ ಬಿಟ್ಟು ಎಲ್ಲಿ ಹೋದೆ?"

ನಾನು ಬಚ್ಚಲಿನ ಕಿಟಕಿಯಿಂದ ತಲೆ ಹಾಕಿ ಅಷ್ಟೇ ಜೋರಾಗಿ ಕೂಗಿದೆ. "ಅಮ್ಮಂಗೆ ಚೆನ್ನಾಗಿ ಬಂತು!"

ಗಿಡದ ಸಾಲಿನಲ್ಲಿ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಮನೆಯವರು ತಾಡಪಾಲಿನ ತುದಿ ಕೈಯಲ್ಲಿ ಹಿಡಿದುಕೊಂಡೇ ಅಲ್ಲೇ ಕಣದಲ್ಲಿ ಕುಕ್ಕರಿಸಿ ಕೂತುಬಿಟ್ಟರು. ಇನ್ನೊಂದು ಕೈಯಲ್ಲಿ ಮುಖ ಒರೆಸಿಕೊಳ್ಳುವುದು ಕಂಡಿತು.

"ಊರಿಗೆಲ್ಲ ಸಾರ್ತೀಯಲ್ಲೇ, ನಾಚಿಕೆ ಇಲ್ದೋಳೆ," ಅಂದರು ಅತ್ತೆ ನನ್ನ ಬೆನ್ನಿಗೊಂದು ಗುದ್ದಿ. "ಮೊದ್ಲು ಕಿಟಕಿ ಹಾಕು. ಆಮೇಲೆ ಹೋಗ್ತಾ ಒಂದು ಲೋಟ ನೀರು ಕೊಟ್ಟು ಹೋಗು."